ಬೀಗರು ತಂದ ದೊಣ್ಣೆ

ಒಂದು ವಸ್ತುವಿನ ಮೇಲೆ ಆಸೆಯಾದರೆ ಅದನ್ನು ಬಾಯಿ ತುಂಬ ಹೊಗಳಬಾರದು ಎಂಬ ವ್ಯವಹಾರಜ್ಞಾನ ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವ ಹೆಂಗಸರಿಗೆಲ್ಲ ಇದೆ. ನನಗಿಲ್ಲ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಎರಕಕ್ಕೆ ಮರದ ಅಚ್ಚು ಮಾಡುತ್ತಲೇ ನಿವೃತ್ತನಾದ ನನಗೆ ಒಳ್ಳೆಯ ಮರ ಕಂಡರೆ ನಾಲಿಗೆ ನಿಲ್ಲುವುದಿಲ್ಲ. ಮಗಳ ಮದುವೆ ಮಾತುಕತೆಗೆ ಹೋದಾಗ ಹುಡುಗನನ್ನು ನೋಡುವುದು ಬಿಟ್ಟು ಅವರ ಮನೆಯ ಬಾಗಿಲ ಚೌಕಟ್ಟು ಸವರುತ್ತ ನಿಂತಿದ್ದೆನೆಂದು ನನ್ನ ಹೆಂಡತಿ ಸರೋಜ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಆ ಚೌಕಟ್ಟಿನ ಒಡೆಯರೇ ನಮ್ಮ ಬೀಗರು, ಬ್ರೂಕ್‌ಫೀಲ್ಡಿನ ಮುನಿರಾಜಪ್ಪನವರು. ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಅದರಲ್ಲೊಂದನ್ನು ಖಾಲಿ ಮಾಡಿದ ವಿದೇಶಿ ಇಂಜಿನಿಯರ್ ಗೋಡೆಗೆ ನೇತುಹಾಕಿದ್ದ ಮರದ ದೊಣ್ಣೆಯೊಂದನ್ನು ಇವರಿಗೇ ಕೊಟ್ಟು ಹೋದನಂತೆ. “ನಾಯಿ ಓಡ್ಸಕ್ಕೂ ಭಾರ ಬೀಗ್ರೇ. ನೀವು ಮರ ಬಲ್ಲೋರು, ಏನೂಂತ ನೋಡಿ. ಕೆಲ್ಸಕ್ಕೆ ಬಾರದ್ದಾದ್ರೆ ನೀವೇ ಮಡಿಕ್ಕಳಿ” ಎಂದು ನಮ್ಮಲ್ಲಿ ಬಿಟ್ಟರು.

ಬಂದೂಕಿನ ಹಿಂಬದಿಯಂತೆ ಬಾಗಿದ, ಸೊಂಟದೆತ್ತರದ ದೊಣ್ಣೆ. ಹಾಕಿ ಕೋಲಿನ ಮುತ್ತಾತನಿರಬೇಕು ಎಂದುಕೊಂಡು ಮೊಬೈಲಿನಲ್ಲಿ ವಸ್ತುಸಂಗ್ರಹಾಲಯಗಳ ಚಿತ್ರ ನೋಡಲು ಕುಳಿತವನು ಊಟ ಮರೆತೆ. ದೂರದ ಸಾಗರದ ಕಿರಿಬಾಸ್ ದ್ವೀಪಗಳ ಜನ ತೆಂಗಿನ ಮರದ ಕತ್ತಿಗೆ ಶಾರ್ಕ್ ಹಲ್ಲುಗಳನ್ನು ನಾರಿನಿಂದಲೇ ಸಾಲಾಗಿ ಬಿಗಿಯುತ್ತಿದ್ದರಂತೆ, ಒಂದು ಮೊಳೆಯಿಲ್ಲ. ಟೋಂಗಾದ ಕೆಲವು ಗದೆಗಳು ದೋಣಿಯ ಹುಟ್ಟಿನಂತಿವೆ, ಹತ್ತಿರದಿಂದ ನೋಡಿದರೆ ಮೈತುಂಬ ಕೆತ್ತನೆ. ನಮ್ಮದು ಫಿಜಿಯ ಯೋಧರದ್ದೆಂದು ತಿಳಿದದ್ದು ಬಾಗಿನಿಂದ. ಅದು ಕೆತ್ತಿದ ಬಾಗಲ್ಲ, ಎಳೆಯ ಗಿಡವನ್ನೇ ಬಗ್ಗಿಸಿ ಬೆಳೆಸಿದ್ದು. ಹಾಗಾಗಿ ಮರದ ಎಳೆ ಎಲ್ಲೂ ತುಂಡಾಗದೆ ತಿರುವಿನುದ್ದಕ್ಕೂ ಸಾಗಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಮಕ್ಕಳನ್ನು ಬೈಯಲು ಬಳಸಿದೆವು, ಅವರು ಮಾಡಿಯೇ ತೋರಿಸಿದ್ದಾರೆ. ನಾನಾಗಿದ್ದರೆ ಎರಡು ತುಂಡು ಅಂಟಿಸಿ ಬಣ್ಣ ಬಳಿದುಬಿಡುತ್ತಿದ್ದೆ. ಆ ತಾಳ್ಮೆಗೆ ಕೈಮುಗಿದೆ. ದೊಣ್ಣೆಯನ್ನು ಹಿಂದಿರುಗಿಸುವ ಮನಸ್ಸು ಮಾತ್ರ ಉಳಿಯಲಿಲ್ಲ.

ಆಯುಧಪೂಜೆಯ ಊಟಕ್ಕೆ ಬೀಗರು ಬರುವವರಿದ್ದರು. “ಕೆಲ್ಸಕ್ಕೆ ಬಾರದ್ದು ಅಂದ್ಬಿಟ್ಟು ಸುಮ್ನಿರಿ” ಎಂದು ಸರೋಜ ಎಚ್ಚರಿಸಿದಳು. ಮುಂಜಾಗ್ರತೆಗೆ ನಾನು ಅದನ್ನೂ ಉಳಿ, ಗರಗಸಗಳ ಪಕ್ಕ ಪೂಜೆಗಿಟ್ಟು ಹೂವೇರಿಸಿದೆ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಯಾರೂ ಕದಲಿಸುವಂತಿಲ್ಲವಲ್ಲ. ಎಲೆಯ ಮುಂದೆ ಕುಳಿತ ಬೀಗರು ದೊಣ್ಣೆಯ ಬಗ್ಗೆ ವಿಚಾರಿಸಿದರು. “ಕೆಲಸಕ್ಕೆ ಬಾರದ್ದು” ಎಂದೆ. “ಸೌದೆಗಾದ್ರೂ ಆಯ್ತದಾ?” ಎಂದರು. ಸೌದೆಯಂತೆ. ನನ್ನ ಮೈ ಉರಿಯಿತು. ಸರೋಜ ಕಣ್ಣು ಬಿಟ್ಟರೂ ಕೇಳದೆ, ಪಾಯಸ ಆರುವವರೆಗೂ ಎಳೆ, ಬಾಗು, ಫಿಜಿ ಎಲ್ಲವನ್ನೂ ಬಣ್ಣಿಸಿದೆ. ಬೀಗರು ಕೈ ತೊಳೆಯುವುದನ್ನೂ ಮರೆತು ಕೇಳಿ, “ಅಂಗಾದ್ರೆ ನಮ್ ಹಾಲ್‌ನಾಗೇ ಇರ್ಲಿ” ಎಂದರು. ಪೂಜೆಗಿಟ್ಟಿರುವುದನ್ನು ನೆನಪಿಸಿದೆ. “ಔದಲ್ವಾ, ಇವತ್ತು ಎತ್ತಂಗಿಲ್ಲ. ಇಲ್ಲೇ ಇದ್ದು ಬೆಳಿಗ್ಗೆ ತಕ್ಕೊಂಡೋಯ್ತೀವಿ ಬುಡಿ” ಎಂದು ಸಂಸಾರ ಸಮೇತ ಉಳಿದರು.

ಬೆಳಿಗ್ಗೆ ಉಪ್ಪಿಟ್ಟು ತಿಂದು ದೊಣ್ಣೆಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟರು. ನಾನು ಸುಮ್ಮನೆ ಗೇಟು ಹಾಕಿಕೊಂಡು ಬರುವುದು ಬಿಟ್ಟು ಹಿಂದೆಯೇ ಓಡಿ, “ಬೀಗರೇ, ತಲೆಕೆಳಗಾಗಿ ಹಿಡ್ದಿದ್ದೀರ. ಗೋಡೆಗೆ ಹಾಕೋವಾಗ ಬಿಸಿಲು ಬೀಳದ ಕಡೆ ಹಾಕ್ಬೇಕು, ಇಲ್ದಿದ್ರೆ ಸೀಳು ಬಿಡತ್ತೆ” ಎಂದೆ. “ನೀವೇ ಬಂದು ಹಾಕ್ಕೊಟ್ಬುಡಿ” ಎಂದು ಬೀಗರು ಕಾರಿನ ಬಾಗಿಲು ತೆಗೆದರು. ಡ್ರಿಲ್ಲಿಂಗ್ ಮೆಷಿನ್ ತರಲು ಒಳಗೆ ಓಡಿದೆ. ಸರೋಜ ಅದನ್ನಾಗಲೇ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.