ಎರವಲು ಹೆಡ್‌ಫೋನಿನ ಬಲಗಡೆ

ರಾಜ್ಯಗಳು ಉರುಳುತ್ತವೆ, ಸೇತುವೆಗಳು ಕುಸಿಯುತ್ತವೆ, ದೊಡ್ಡ ದೊಡ್ಡವರ ಮದುವೆಗಳು ಮುರಿದುಬೀಳುತ್ತವೆ. ಪತ್ರಿಕೆಯವರು ಬರೆಯುತ್ತಾರೆ, ಜನ ಓದಿ ಮಡಿಸಿಡುತ್ತಾರೆ. ಆದರೆ ಒಂದು ರಜೆಯ ಬೆಳಗ್ಗೆ, ಎರವಲು ತಂದ ಹೆಡ್‌ಫೋನಿನ ಬಲಗಡೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತೆಂಬ ಘನಗಂಭೀರ ಸಂಗತಿಯನ್ನು ಯಾವ ಪತ್ರಿಕೆಯೂ ಗಮನಿಸಲಿಲ್ಲ. ಗಮನಿಸಿದವನು ಒಬ್ಬನೇ.

ಅವನದು ಕನ್ನಡಕದ ಅಂಗಡಿ. ಆ ಬಡಾವಣೆಯ ಅರ್ಧಕ್ಕರ್ಧ ಮೂಗುಗಳ ಮೇಲೆ ಕೂತಿದ್ದದ್ದು ಅವನು ಕೂರಿಸಿದ ಕನ್ನಡಕವೇ. ಆದರೂ ಅವನ ಹೆಮ್ಮೆಯೆಲ್ಲ ಕಣ್ಣು ಬಿಟ್ಟು ಕಿವಿಗೆ ಸೇರಿತ್ತು. ಹೆಡ್‌ಫೋನ್ ಹುಚ್ಚಿನ ನಾಲ್ಕಾರು ಜನ ಸೇರಿ ಕಟ್ಟಿಕೊಂಡಿದ್ದ ಕೂಟದಲ್ಲಿ ಅವನಿಗೆ ‘ಚಿನ್ನಕಿವಿ’ ಎಂದೇ ಹೆಸರು. ಹಾಡಿನ ಮಧ್ಯೆ ಪಿಟೀಲಿನವನು ಕುರ್ಚಿ ಸರಿಸಿದ್ದು, ಹಾಡುಗಾರ್ತಿ ಉಗುಳು ನುಂಗಿದ್ದು, ಎಲ್ಲವೂ ಅವನಿಗೆ ಕೇಳುತ್ತಿತ್ತು. ಅಡುಗೆಮನೆಯಿಂದ ಹೆಂಡತಿ ಕೂಗಿದ್ದು ಮಾತ್ರ ಕೇಳುತ್ತಿರಲಿಲ್ಲ.

ಕೂಟದಲ್ಲೊಂದು ಪದ್ಧತಿಯಿತ್ತು. ಇಬ್ಬರು ಸದಸ್ಯರು ಒಂದು ವಾರ ತಮ್ಮ ಹೆಡ್‌ಫೋನುಗಳನ್ನು ಅದಲುಬದಲು ಮಾಡಿಕೊಳ್ಳುವುದು. ವಾರ ಕಳೆದ ಮೇಲೆ ಎಲ್ಲರೂ ಕೂತು ಎರಡನ್ನೂ ಕೇಳಿ, ಯಾವುದು ಹೇಗೆಂದು ಚರ್ಚಿಸುವುದು. ಎರವಲು ಪಡೆದದ್ದನ್ನು ಯಾರಾದರೂ ಹಾಳುಮಾಡಿದರೆ ಹಾಳಾದದ್ದು ಹಾಳುಮಾಡಿದವನಿಗೆ, ಅವನ ಒಳ್ಳೆಯದು ಎದುರಿನವನಿಗೆ. ಈ ನಿಯಮವನ್ನು ಮಂಡಿಸಿ, ಕೈಯೆತ್ತಿಸಿ, ಪಾಸು ಮಾಡಿಸಿದವನು ಸ್ವತಃ ಚಿನ್ನಕಿವಿ. ಈ ವಾರ ಹಲ್ಲಿನ ಡಾಕ್ಟರರ ಹೆಡ್‌ಫೋನು ಅವನ ಮನೆಯಲ್ಲಿತ್ತು. ಅವನ ಪ್ರಾಣವೇ ಆಗಿದ್ದ, ಹೆಂಡತಿ ‘ಸವತಿ’ ಎಂದು ಕರೆಯುತ್ತಿದ್ದ ಅವನ ಸ್ವಂತದ್ದು ಡಾಕ್ಟರರ ಮನೆಯಲ್ಲಿತ್ತು. ಕೂಟ ಅಂದೇ ಸಂಜೆ.

ಆದದ್ದಿಷ್ಟು. ಬೆಳಗ್ಗೆ ಎದ್ದವನೇ ಮೇಜಿನ ಮೇಲಿದ್ದ ಹೆಡ್‌ಫೋನಿನ ಧೂಳು ಒರೆಸಲು ಹೊರಟ. ವೈರು ಕಾಲಿಗೆ ತೊಡರಿತು. ಹೆಡ್‌ಫೋನು ಸಿಟ್ಟು ಮಾಡಿಕೊಂಡ ಅತ್ತೆಯಂತೆ ಮೇಜು ಬಿಟ್ಟು ನೆಲಕ್ಕೆ ಕೂತಿತು. ಎತ್ತಿ ಹಾಕಿಕೊಂಡರೆ ಎಡಗಡೆ ವಾದ್ಯವೃಂದವೇ ನೆರೆದಿತ್ತು, ಬಲಗಡೆ ಮಾತ್ರ ಪರೀಕ್ಷೆ ಮುಗಿದ ಶಾಲೆಯಂತೆ ಖಾಲಿ.

“ಕಾಲೆತ್ತಿ,” ಎಂದಳು ಕಸ ಗುಡಿಸುತ್ತಿದ್ದ ಹೆಂಡತಿ. “ನೋಡಿ ಏನೇನು ಸಿಕ್ತು ಮಂಚದ ಕೆಳಗೆ. ಕಾಲುಚೀಲ ಒಂದು. ಪೆನ್ನಿನ ಮುಚ್ಚಳ, ಪೆನ್ನಿಲ್ಲ. ನೀವು ರಾತ್ರಿ ಕಿವಿಗೆ ತುರುಕ್ಕೊಳ್ಳೋ ಸ್ಪಂಜಿನ ಬಿರಡೆ, ಅದೂ ಒಂದೇ. ಈ ಮನೇಲಿ ಯಾವುದೂ ಜೋಡಿಯಾಗಿ ಸಿಗಲ್ಲಪ್ಪ.”

“ಇಲ್ಲಿ ನನ್ನ ಮಾನ ಹೋಗ್ತಿದೆ, ನಿನಗೆ ಕಾಲುಚೀಲದ ಚಿಂತೆ!”

ಹೆಂಡತಿಯ ತಮ್ಮ ಬಂದು ತಿಂಗಳಾಗಿತ್ತು. ಕೆಲಸ ಹುಡುಕಲು ಬಂದವನು. ಹಗಲು ಹುಡುಕಿದ ದಣಿವನ್ನು ರಾತ್ರಿ ಗೊರಕೆಯಲ್ಲಿ ಕಳೆಯುತ್ತಿದ್ದ. ಅವನ ದೆಸೆಯಿಂದಲೇ ಮನೆಗೆ ಬಿರಡೆ ಬಂದದ್ದು. ಗಲಾಟೆ ಕೇಳಿ ಅವನು ಹಲ್ಲುಜ್ಜುತ್ತಲೇ ಹಾಜರಾದ.

“ಕೊಡಿ ಭಾವ, ನಾನು ನೋಡ್ತೀನಿ.” ಹಾಕಿಕೊಂಡ, ತಲೆಯಾಡಿಸಿದ. “ಎರಡೂ ಕಡೆ ಸಖತ್ತಾಗಿ ಕೇಳ್ತಿದೆಯಲ್ಲ!”

ಚಿನ್ನಕಿವಿ ಅವನನ್ನು ಕನಿಕರದಿಂದ ನೋಡಿದ. ತನ್ನ ಗೊರಕೆಗೆ ತಾನೇ ಎಚ್ಚರಗೊಳ್ಳದ ಕಿವಿ ಅದು. ಅದರ ಸಾಕ್ಷಿಯನ್ನು ಯಾವ ನ್ಯಾಯಾಲಯ ಒಪ್ಪೀತು?

ಹೆಡ್‌ಫೋನನ್ನು ತಿರುಗಿಸಿ, ಬಲದ್ದನ್ನು ಎಡಕ್ಕೆ ಹಾಕಿಕೊಂಡು ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನೋಡಬಹುದಿತ್ತು. ತನ್ನ ಕಿವಿಯ ಮೇಲೆ ಚೂರಾದರೂ ಅನುಮಾನ ಇರುವವನಿಗೆ ಆ ಉಪಾಯ ಹೊಳೆಯುತ್ತದೆ. ಅಂಗಡಿಯಲ್ಲಿ ಚಿನ್ನಕಿವಿ ದಿನಾ ನೋಡುತ್ತಿದ್ದ ತಮಾಷೆಯೇ ಇದು: ಗೋಡೆಯ ಮೇಲಿನ ಅಕ್ಷರ ಕಾಣದಿದ್ದರೆ ಗಿರಾಕಿಗಳು ಕಣ್ಣು ಮಂಜಾಗಿದೆ ಅನ್ನುವುದಿಲ್ಲ, “ಅಚ್ಚು ಸರಿ ಬಿದ್ದಿಲ್ಲ ನೋಡಿ” ಅನ್ನುತ್ತಾರೆ. ಅದನ್ನು ಹೇಳಿಕೊಂಡು ಅವನು ಕೂಟದಲ್ಲಿ ಎಷ್ಟೋ ಸಲ ನಗಿಸಿದ್ದ.

ಸುದ್ದಿಗೆ ಕಾಲು ಬರಲು ಬಾಮೈದ ಒಬ್ಬ ಸಾಕು. ಅವನು ಬಾಯಿ ಮುಕ್ಕಳಿಸುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಬ್ಯಾಂಡ್ ಮೇಷ್ಟ್ರು ಬಂದು ಸೋಫಾದಲ್ಲಿ ಚಿನ್ನಕಿವಿಯ ಬಲಕ್ಕೆ ಕೂತರು. ಏನೋ ಕೇಳಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದರು. ಕೊನೆಗೆ ತೊಡೆಗೆ ತಟ್ಟಿ, “ಏನಪ್ಪಾ, ದೊಡ್ಡವರು ಮಾತಾಡಿಸಿದ್ರೆ ಗೋಡೆ ನೋಡ್ಕೊಂಡು ಕೂರ್ತೀಯಲ್ಲ!” ಎಂದರು.

“ಕ್ಷಮಿಸಿ ಮೇಷ್ಟ್ರೇ. ತಲೆ ಎಲ್ಲೋ ಇತ್ತು.”

“ತಲೆ ಇರ್ಲಿ, ಅದನ್ನ ಕೊಡು ಇಲ್ಲಿ.” ಮೇಷ್ಟ್ರು ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದರು. ಕಾಲು ತಾಳ ಹಾಕಿತು. “ಭೇಷಾಗಿದೆ! ಎಡಗಡೆ ಪಿಟೀಲು, ಬಲಗಡೆ ಡ್ರಮ್ಮು. ಡ್ರಮ್ಮಿನವನು ಸ್ವಲ್ಪ ಅವಸರದ ಪ್ರಾಣಿ.”

ಮೂವತ್ತು ವರ್ಷ ಕಹಳೆಯ ಬಾಯಿಗೆ ಎದುರಾಗಿ ನಿಂತ ಮನುಷ್ಯ, ಪಾಪ. ಅವರಿಗೆ ಕೇಳಿಸುತ್ತಿರುವುದು ಹಳೆಯ ನೆನಪು ಎಂದುಕೊಂಡ ಚಿನ್ನಕಿವಿ. ಬಾಯಲ್ಲಿ ಮಾತ್ರ, “ಇಲ್ಲ ಮೇಷ್ಟ್ರೇ, ಬಲಗಡೆ ಸತ್ತಿದೆ,” ಎಂದ.

“ಹಂಗಾದ್ರೆ ಎರಡು ಬಿಡು. ನಮ್ಮ ಕಾಲದಲ್ಲಿ ಏನೇ ಕೆಟ್ರೂ ಅದೇ ಔಷಧ,” ಎಂದವರೇ ಮೇಷ್ಟ್ರು ಅದರ ಬಲಗೆನ್ನೆಗೆ ಪಟಪಟನೆ ಎರಡು ಬಿಟ್ಟರು. ಚಿನ್ನಕಿವಿಗೆ ತನ್ನ ಕೆನ್ನೆಗೇ ಬಿದ್ದಂತಾಯಿತು.

“ಅಕ್ಕಿ ಡಬ್ಬದಲ್ಲಿ ಇಡೋಣ ಭಾವ,” ಎಂದ ಬಾಮೈದ. “ಫೋನ್ ನೀರಿಗೆ ಬಿದ್ರೆ ಹಂಗೇ ಮಾಡೋದು.”

“ಇದು ನೀರಿಗೆ ಬಿದ್ದಿಲ್ಲ ಕಣೋ, ನೆಲಕ್ಕೆ ಬಿದ್ದಿದೆ!”

“ಎಲ್ಲಿಗೆ ಬಿದ್ರೇನು? ಅಕ್ಕಿ ಯಾರಿಗೂ ಕೆಟ್ಟದ್ದು ಮಾಡಲ್ಲ,” ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಡಾಕ್ಟರರ ಹೆಡ್‌ಫೋನು ಮಧ್ಯಾಹ್ನದವರೆಗೆ ಅಕ್ಕಿಯಲ್ಲಿ ಕುತ್ತಿಗೆಮಟ್ಟ ಹೂತು ಕೂತಿತು. ಹೊರಗೆ ತೆಗೆದಾಗ ಅಲುಗಿಸಿದರೆ ಗಿಲಗಿಲ ಅನ್ನುತ್ತಿತ್ತು. ಬಲಗಡೆ ಮೊದಲಿನಷ್ಟೇ ಮೌನ.

ಕೂಟ ನಡೆಯುತ್ತಿದ್ದದ್ದು ಡಾಕ್ಟರರ ಕ್ಲಿನಿಕ್ಕಿನಲ್ಲಿ. ರಜೆಯ ದಿನ ಅಲ್ಲಿಯಷ್ಟು ನಿಶ್ಶಬ್ದ ಬೇರೆಲ್ಲೂ ಇಲ್ಲ. ಹಲ್ಲು ಕೀಳುವ ಕುರ್ಚಿಯಷ್ಟು ಹಿತವಾಗಿ ಒರಗಿಸಿಕೊಳ್ಳುವ ಕುರ್ಚಿಯೂ ಇಲ್ಲ. ಸರದಿಯಲ್ಲಿ ಒಬ್ಬೊಬ್ಬರು ಅದರಲ್ಲಿ ಮಲಗಿ, ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡು ಕೇಳುತ್ತಿದ್ದರು. ಅಂದು ಇನ್ನೊಂದು ಮುಖ್ಯ ಕಲಾಪವೂ ಇತ್ತು: ಕೂಟದ ತೀರ್ಪುಗಾರನ ಆಯ್ಕೆ. ಸ್ಪರ್ಧೆ ಚಿನ್ನಕಿವಿಗೂ ‘ವೈರು’ ಎಂಬ ಅಡ್ಡಹೆಸರಿನ ಬಟ್ಟೆ ಅಂಗಡಿಯವನಿಗೂ ನಡುವೆ. ವೈರು ದಪ್ಪವಾದಷ್ಟೂ ಸಂಗೀತ ದಪ್ಪವಾಗುತ್ತದೆಂಬುದು ಅವನ ಸಿದ್ಧಾಂತ. ಅವನ ಹೆಡ್‌ಫೋನಿನ ವೈರಿನಲ್ಲಿ ಎಮ್ಮೆ ಕಟ್ಟಬಹುದಿತ್ತು.

ಬಾಗಿಲಲ್ಲೇ ಚಿನ್ನಕಿವಿಯ ಕಣ್ಣು ಮೇಜಿನ ಮೇಲಿದ್ದ ತನ್ನ ಹೆಡ್‌ಫೋನಿನತ್ತ ಹೋಯಿತು. ಡಾಕ್ಟರು ಅದಕ್ಕೆ ಮೆತ್ತನೆಯ ಬಟ್ಟೆ ಹೊದಿಸಿದ್ದರು.

“ಬನ್ನಿ ಬನ್ನಿ! ನನ್ನ ಮಗು ಹೇಗಿದೆ?” ಎಂದರು ಡಾಕ್ಟರು.

“ಹೂಂ, ಚೆನ್ನಾಗಿದೆ,” ಎಂದ ಚಿನ್ನಕಿವಿ, ಅಲುಗದಂತೆ ಎರಡು ಕೈಯಲ್ಲೂ ಒಪ್ಪಿಸುತ್ತ.

ಮೊದಲು ಕುರ್ಚಿಯೇರಿದವರು ಗಣಿತದ ಟೀಚರ್. ಚಿನ್ನಕಿವಿ ಉಸಿರು ಬಿಗಿಹಿಡಿದ. ಇನ್ನೇನು ಎದ್ದು ಕೂರುತ್ತಾರೆ, ಇನ್ನೇನು ಬೆರಳು ತೋರಿಸುತ್ತಾರೆ...

“ಆಹಾ! ಎಷ್ಟು ವಿಶಾಲ! ಪಿಟೀಲು ಕಿಟಕಿ ಕಡೆ, ಡ್ರಮ್ಮು ಬಾಗಿಲ ಕಡೆ. ಮಧ್ಯೆ ಎರಡು ಬೆಂಚು ಹಾಕ್ಬಹುದು,” ಎಂದರು ಟೀಚರ್.

ಬಾಗಿಲು ಇದ್ದದ್ದು ಬಲಕ್ಕೆ. ಚಿನ್ನಕಿವಿ ಬೆರಗಾದ. ಬಳಿಕ ಬೇಕರಿಯವನು ಮಲಗಿದ. ಎರಡೂ ಕಡೆ ಒಂದೇ ಹದದಲ್ಲಿ ಬೆಂದಿದೆ ಎಂದ. ಡಾಕ್ಟರೂ ಕೇಳಿ, ಮಗು ಹೋದದ್ದಕ್ಕಿಂತ ಚೆನ್ನಾಗಿ ಬಂದಿದೆ ಎಂದರು. ಚಿನ್ನಕಿವಿಯ ಬೆವರು ಆರಿತು. ಹೆದರಿಕೆ ಹೋದ ಜಾಗದಲ್ಲಿ ಮೆಲ್ಲಗೆ ತಾತ್ಸಾರ ಬಂದು ಕೂತಿತು. ಎಂಥ ಜನ! ಅರ್ಧ ಹೆಡ್‌ಫೋನು ಸತ್ತು ಬಿದ್ದಿದ್ದರೂ ಬಾಯಿಗೆ ಬಂದ ಹಾಗೆ ಹೊಗಳುತ್ತಾರಲ್ಲ! ಸುಮ್ಮನೆ ಕೂತರೆ ತನ್ನದನ್ನು ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಸುಮ್ಮನೆ ಕೂರುವುದೆಂದೇ ಅವನು ತೀರ್ಮಾನಿಸಿದ್ದ ಕೂಡ.

ಅಷ್ಟರಲ್ಲಿ ವೈರು ಕುರ್ಚಿ ಏರಿದ.

“ಬಲಗಡೆ,” ಎಂದ ವೈರು, ಕಣ್ಣು ಮುಚ್ಚಿಕೊಂಡೇ, “ಡ್ರಮ್ಮಿನ ಹಿಂದೆ ಯಾರೋ ಕೆಮ್ಮಿದ್ರು. ಒಣ ಕೆಮ್ಮು. ಚಿನ್ನಕಿವಿಯವ್ರೇ, ಒಂದು ವಾರ ಇಟ್ಕೊಂಡಿದ್ರಲ್ಲ, ಕೇಳಿದ್ರೋ ಇಲ್ವೋ?”

“ಯಾವ ಕೆಮ್ಮು?”

“ಅಯ್ಯೋ, ಕೇಳಿಲ್ವಾ? ಹೋಗ್ಲಿ ಬಿಡಿ. ಎಲ್ಲರಿಗೂ ಎಲ್ಲ ಕೇಳ್ಬೇಕು ಅಂತೇನಿಲ್ಲ. ವಯಸ್ಸಾದ ಹಾಗೆ ಕಿವೀನೂ...”

ಟೀಚರ್ ಕಿಸಕ್ಕೆಂದರು. ಬೇಕರಿಯವನು ಚಾವಣಿ ನೋಡಿದ. ಆ ಕಿಸಕ್ಕಿನಲ್ಲಿ ಚಿನ್ನಕಿವಿಯ ತೀರ್ಮಾನ ಕೊಚ್ಚಿಕೊಂಡುಹೋಯಿತು.

“ಕೆಮ್ಮಂತೆ ಕೆಮ್ಮು!” ಅವನು ಎದ್ದು ನಿಂತ. “ಬಲಗಡೆ ಕೆಮ್ಮೋಕೆ ಯಾರ್ರೀ ಇದಾರೆ ಅಲ್ಲಿ? ಬಲಗಡೆ ಸತ್ತೇ ಹೋಗಿದೆ! ಬೆಳಗ್ಗೆ ನನ್ನ ಕೈಯಿಂದಲೇ ಬಿತ್ತು. ಆಗಿಂದ ಒಂದು ಚೂರೂ ಕೇಳ್ತಿಲ್ಲ. ನಾಚಿಕೆ ಆಗಲ್ವಾ ನಿಮಗೆ? ವಿಶಾಲವಂತೆ, ಬೆಂಚಂತೆ!”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಎರಡೂ ಕಡೆ ಕೇಳಿತ್ತು. ಆದರೆ ಸತ್ತಿದೆ ಎನ್ನುತ್ತಿರುವವನು ಚಿನ್ನಕಿವಿ. ತನ್ನ ನಷ್ಟಕ್ಕೆ ತಾನೇ ಸಾಕ್ಷಿ ಹೇಳುತ್ತಿರುವವನು. ಅಂಥವನೆದುರು ‘ನನಗೆ ಕೇಳಿಸಿತು’ ಎಂದರೆ ಕೇಳದ್ದನ್ನು ಕೇಳಿಸಿಕೊಂಡ ಹಾಗಾಯಿತು. ಆ ಕೂಟದಲ್ಲಿ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ.

ಮೊದಲು ಬಾಯಿಬಿಟ್ಟವರು ಟೀಚರ್. “ನನಗೂ ಅನ್ನಿಸ್ತು. ನಿಮ್ಮ ಮನಸ್ಸು ನೋಯಿಸ್ಬಾರ್ದು ಅಂತ ಸುಮ್ಮನಿದ್ದೆ ಅಷ್ಟೆ.”

“ಒಂದು ಕಡೆ ಹಸಿ ಇದೆ ಅಂತ ನಾನು ಮನಸ್ಸಲ್ಲೇ ಅಂದ್ಕೊಂಡೆ,” ಎಂದ ಬೇಕರಿಯವನು.

ವೈರು ಇನ್ನೊಮ್ಮೆ ಹಾಕಿಕೊಂಡು ಬಹಳ ಹೊತ್ತು ಕೇಳಿದ. “ಹೌದು. ಎಡಗಡೆ ಕೆಮ್ಮಿದ್ದು ಈ ತೆಳು ವೈರಲ್ಲಿ ಬಲಗಡೆಗೆ ಹರಿದುಬಂದಿದೆ. ಹಾಗಾಗುತ್ತೆ.”

ಎಲ್ಲರೂ ಡಾಕ್ಟರತ್ತ ತಿರುಗಿದರು. ಡಾಕ್ಟರು ತಮ್ಮ ಮಗುವನ್ನು ತಲೆಗೇರಿಸಿ ಕಣ್ಣು ಮುಚ್ಚಿದರು. ಡ್ರಮ್ಮಿನವನು ಬಲಗಿವಿಯೊಳಗೆ ಕೂತು ಬಡಿಯುತ್ತಿದ್ದ. ಡಾಕ್ಟರ ಮುಖ ಗಂಭೀರವಾಯಿತು. “ಹೋಗಿದೆ,” ಎಂದರು ಸಣ್ಣ ದನಿಯಲ್ಲಿ. “ನರ ಸತ್ತಿದೆ. ಮಲಗಿಸಿ.”

ಹೆಡ್‌ಫೋನನ್ನು ಕುರ್ಚಿಯಲ್ಲಿ ಮಲಗಿಸಲಾಯಿತು. ತಲೆಯ ಮೇಲಿನ ದೀಪ ಹತ್ತಿತು. ಡಾಕ್ಟರು ಕೈಗವಸು ತೊಟ್ಟು, ಪುಟ್ಟ ಕನ್ನಡಿ ಹಿಡಿದು, ಕೊಕ್ಕೆಯಿಂದ ಬಲಗಡೆಯ ಮುಚ್ಚಳ ಎಬ್ಬಿಸಿದರು. ಒಳಗಿನಿಂದ ಬಿಳಿಯದೊಂದು ಉರುಳಿ ತಟ್ಟೆಗೆ ಟಣ್ಣೆಂದು ಬಿತ್ತು.

“ಹಲ್ಲು!” ಎಂದ ಬೇಕರಿಯವನು.

“ಅಕ್ಕಿ,” ಎಂದ ಚಿನ್ನಕಿವಿ ತಲೆ ತಗ್ಗಿಸಿ.

ಡಾಕ್ಟರು ಆಗಲೇ ಇಕ್ಕಳ ಎತ್ತಿಕೊಂಡಾಗಿತ್ತು. ಕೂದಲೆಳೆಯಂಥ ಒಂದು ತಂತಿಯನ್ನು ಹಿಡಿದು, “ಇದೇ ಕೆಟ್ಟಿರೋದು” ಎಂದು ಬೇರುಸಮೇತ ಕಿತ್ತು ದೀಪಕ್ಕೆ ಹಿಡಿದು ತೋರಿಸಿದರು. ಮುಚ್ಚಳ ಮುಚ್ಚಿ ಮತ್ತೆ ಎಲ್ಲರೂ ಕೇಳಿದರು. ಈ ಸಲ ಯಾರಿಗೂ ಸುಳ್ಳು ಹೇಳುವ ಕಷ್ಟ ಬರಲಿಲ್ಲ. ಬಲಗಡೆ ನಿಜವಾಗಿ ಸತ್ತಿತ್ತು.

“ನಾವ್ಯಾರೂ ಕಂಡುಹಿಡೀದೆ ಇದ್ದದ್ದನ್ನ ಹಿಡಿದ್ರಲ್ರೀ!” ಎಂದು ಟೀಚರ್ ಚಪ್ಪಾಳೆ ತಟ್ಟಿದರು. ವೈರು ತಾನಾಗಿಯೇ ಸ್ಪರ್ಧೆಯಿಂದ ಹಿಂದೆ ಸರಿದ. ಚಿನ್ನಕಿವಿ ಅವಿರೋಧವಾಗಿ ತೀರ್ಪುಗಾರನಾದ.

“ಇನ್ನು ಮೊದಲ ತೀರ್ಪು ನೀವೇ ಕೊಡಿ,” ಎಂದರು ಡಾಕ್ಟರು, ಮೇಜಿನ ಮೇಲಿನ ಬಟ್ಟೆ ಹೊದ್ದ ಹೆಡ್‌ಫೋನಿನ ಮೇಲೆ ಕೈಯಿಟ್ಟು. “ನಿಯಮ ನೀವು ಮಾಡಿದ್ದೇ.”

ತೀರ್ಪುಗಾರ ತೀರ್ಪು ಕೊಟ್ಟ. ತನ್ನದನ್ನು ಡಾಕ್ಟರರಿಗೆ ಬಿಟ್ಟು, ಸತ್ತದ್ದನ್ನು ಚೀಲಕ್ಕೆ ಹಾಕಿಕೊಂಡು ಮನೆಯ ದಾರಿ ಹಿಡಿದ. ದುಃಖವಿತ್ತು. ಆದರೆ ಬೆನ್ನು ನೆಟ್ಟಗಿತ್ತು. ಒಂದು ಊರಿಗೆ ಕೇಳದ್ದು ಒಬ್ಬನಿಗೆ ಕೇಳುವುದು, ಅಥವಾ ಒಂದು ಊರಿಗೆ ಕೇಳಿದ್ದು ಒಬ್ಬನಿಗೆ ಕೇಳದಿರುವುದು, ಎರಡೂ ಸಾಮಾನ್ಯ ಕಿವಿಯಿಂದ ಆಗುವ ಕೆಲಸವಲ್ಲ.

ಮನೆಯಲ್ಲಿ ಸೋಫಾದ ಮೇಲೆ ಕುಸಿದವನ ಬಲಕ್ಕೆ ಹೆಂಡತಿ ಬಂದು ನಿಂತಳು. “ಕಾಫಿ ಬೇಕಾ?” ಎಂದಳು. “ರೀ, ಕಾಫಿ ಬೇಕಾ?” ಎಂದಳು. ಮೂರನೆಯ ಸಲ ಬಗ್ಗಿ, ಅವನ ಕಿವಿ ಮುಚ್ಚಿದ್ದ ಕೂದಲು ಸರಿಸಿ, ಕಿವಿಯೊಳಗೇ ಕೂಗಲು ಹೊರಟವಳು ಅಲ್ಲೇ ನಿಂತಳು. ಎರಡು ಬೆರಳು ಹಾಕಿ ಏನನ್ನೋ ಹಿಡಿದೆಳೆದಳು.

“ಇಲ್ಲಿದೆ ನೋಡಿ ಇನ್ನೊಂದು ಬಿರಡೆ! ಬೆಳಗ್ಗೆಯಿಂದ ಮನೆಯೆಲ್ಲ ಹುಡುಕ್ತಿದೀನಿ.”

ಜಗತ್ತಿನ ಬಲಭಾಗ ಒಮ್ಮೆಲೇ ತೆರೆದುಕೊಂಡಿತು. ನಲ್ಲಿ ತೊಟ್ಟಿಕ್ಕುವುದು, ಮೇಷ್ಟ್ರು ಪಕ್ಕದ ಮನೆಯಲ್ಲಿ ಕಹಳೆ ಊದುವುದು, ಬಾಮೈದ “ಬೆಳಗ್ಗೇನೇ ಹೇಳಿದ್ನಲ್ಲ ಭಾವ, ಎರಡೂ ಕಡೆ ಚೆನ್ನಾಗಿದೆ ಅಂತ” ಎನ್ನುವುದು, ಎಲ್ಲವೂ ಬಲಗಡೆಯಿಂದಲೇ ನುಗ್ಗಿದವು.

ಚಿನ್ನಕಿವಿ ನೆಗೆದೆದ್ದ. ಹಾಗಾದರೆ ಹೆಡ್‌ಫೋನು ಕೆಟ್ಟೇ ಇರಲಿಲ್ಲ! ಬಿದ್ದರೂ ಏನೂ ಆಗಿರಲಿಲ್ಲ! ಈಗಲೇ ಓಡಿಹೋಗಿ ಡಾಕ್ಟರರ ಮಗುವನ್ನು ಅವರಿಗೆ ಕೊಟ್ಟು ತನ್ನದನ್ನು ತಂದರಾಯಿತು! ಸಂತೋಷದಲ್ಲಿ ಇಕ್ಕಳ, ದೀಪ, ಕಿತ್ತ ತಂತಿ ಯಾವುದೂ ನೆನಪಿಗೆ ಬರಲಿಲ್ಲ. ಚೀಲಕ್ಕೆ ಕೈಹಾಕಿ ಹೆಡ್‌ಫೋನು ತೆಗೆದ, ತಲೆಗೇರಿಸಿದ, ಹಾಡು ಹಚ್ಚಿದ.

ಎಡಗಡೆ ಪಿಟೀಲು ಸೊಗಸಾಗಿತ್ತು. ಬಲಗಡೆ ಏನೂ ಕೇಳಲಿಲ್ಲ.