ನಿಲ್ಲಲಾರದ ಕಾಕಾ ಚುನಾವಣೆಗೆ ನಿಂತದ್ದು

ನಮ್ಮ ಕಾಕಾನಷ್ಟು ಪ್ರಾಮಾಣಿಕ ಉಮೇದುವಾರ ಬೀದರ್ ಜಿಲ್ಲೆಯಲ್ಲಿ ಹಿಂದೆ ಹುಟ್ಟಿಲ್ಲ. ಮುಂದೆ ಹುಟ್ಟುವುದೂ ಬೇಡ! ಹುಟ್ಟಿದರೂ ಅವನ ಪ್ರಚಾರದ ಜೀಪಿನಲ್ಲಿ ಕೂರುವ ಪಾಡು ಯಾವ ಅಣ್ಣನ ಮಗಳಿಗೂ ಬಾರದಿರಲಿ.

ದುಡ್ಡಿದ್ದವರು ಚುನಾವಣೆಗೆ ನಿಲ್ಲುವುದೇನು ಹೊಸದಲ್ಲ. ಕೂಲಿಯವರಿಗೆ ಇಷ್ಟಕ್ಕಿಂತ ಕಡಿಮೆ ಕೊಡಕೂಡದು ಎನ್ನುವ ಕಾಯ್ದೆಯ ಹೆಸರೆತ್ತಿದರೆ ಅವರಲ್ಲಿ ಬಹಳ ಮಂದಿಗೆ ಹೊಟ್ಟೆಯಲ್ಲಿ ಸಂಕಟವಾಗುವುದೂ ಹೊಸದಲ್ಲ. ಆದರೆ ಅವರೆಲ್ಲ ಆ ಸಂಕಟವನ್ನು ಹೊಟ್ಟೆಯಲ್ಲೇ ಅದುಮಿಟ್ಟುಕೊಂಡು ಮೈಕಿನ ಮುಂದೆ "ಕಾರ್ಮಿಕ ಬಂಧುಗಳೇ" ಎಂದು ಕೈ ಮುಗಿಯುತ್ತಾರೆ. ನಮ್ಮ ಕಾಕಾ ಹಾಗಲ್ಲ. ಅದೇ ಕಾರ್ಮಿಕ ಬಂಧುಗಳನ್ನು ಸೇರಿಸಿ, ಚಹಾ ಕುಡಿಸಿ, "ನಿಮ್ಮ ಕನಿಷ್ಠ ಕೂಲಿ ಕಾಯ್ದಾ ಕಿತ್ತಿ ಒಗೀತೇನಿ, ನನಗೇ ಓಟ್ ಹಾಕ್ರಿ" ಎಂದು ಅವರ ಮುಖಕ್ಕೇ ಹೇಳಿದವರು! ಇಂಥವರು ಸೋಲದೆ ಮತ್ತೇನಾಗುತ್ತಾರೆ?

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಬೀದರಿನ ಕಾಳುಕಡಿಯ ಪೇಟೆ ಗಾಂಧಿ ಗಂಜಿನಲ್ಲಿ ಅವರದೊಂದು ಬೇಳೆ ಮಿಲ್ಲು ಇದೆ. ಬರಿಗೈಯಲ್ಲಿ ಶುರುಮಾಡಿ ಈಗ ದೊಡ್ಡ ಸಾಹುಕಾರರಾಗಿದ್ದಾರೆ. ಸಾಹುಕಾರರೆಂದರೆ ಗಾದಿಯ ಮೇಲೆ ಲೋಡಿಗೆ ಒರಗಿ ಕೂತ ಚಿತ್ರ ನಿಮ್ಮ ಕಣ್ಣಿಗೆ ಬಂದಿದ್ದರೆ ದಯವಿಟ್ಟು ಅಳಿಸಿಬಿಡಿ. ಕಾಕಾ ಒಂದು ಕಡೆ ಇರುವ ಜೀವವಲ್ಲ. ದಾಡಿ ಮಾಡಿಸಿಕೊಳ್ಳಲು ಕೂತರೆ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಎದ್ದು ಲಾರಿ ನೋಡಲು ಓಡುತ್ತಾರೆ. ಇನ್ನೊಂದು ಕೆನ್ನೆಯ ಹಿಂದೆ ದಾಡಿ ಮಾಡುವವನೂ ಓಡುತ್ತಾನೆ. ಮದುವೆಗೆ ಹೋದರೆ ಅಕ್ಕಿಕಾಳು ಬೀಳುವ ಮೊದಲೇ ಉಂಡು ಬಂದಿರುತ್ತಾರೆ. ಒಮ್ಮೆ ಕಮಠಾಣದಲ್ಲಿ ಹೀಗೇ ಉಂಡು, ಹರಸಿ, ಆಹೇರಿಯ ಉಡುಗೊರೆ ಕೊಟ್ಟು ಬಂದಮೇಲೆ ಗೊತ್ತಾಯಿತು, ನಮ್ಮ ಬೀಗರ ಮನೆಯ ಮದುವೆ ಪಕ್ಕದ ಓಣಿಯಲ್ಲಿತ್ತಂತೆ!

ಹೀಗಿರುವಾಗ ಒಂದು ದಿನ ಮಿಲ್ಲಿಗೆ ಕಾರ್ಮಿಕ ಇಲಾಖೆಯವರು ಬಂದರು. ಕೂಲಿ ಎಷ್ಟು, ಎಷ್ಟು ತಾಸಿನ ಕೆಲಸ, ವಾರದ ರಜೆ ಯಾವತ್ತು ಎಂದು ಕೇಳಿದರು. ಕಾಕಾ ಜೀವನದಲ್ಲಿ ಮೊದಲ ಬಾರಿಗೆ ಒಂದೇ ಜಾಗದಲ್ಲಿ ನಿಂತು ಉತ್ತರ ಕೊಡಬೇಕಾಯಿತು. ಆ ಸಿಟ್ಟು ತಲೆಗೇರಿತು. ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಿನಲ್ಲಿ ಘೋಷಿಸಿದರು:

"ಈ ಸಲ ನಾ ನಿಲ್ತೇನಿ!"

ಕಾಕಾನ ಹೆಂಡತಿ, ನಮ್ಮ ಕಾಕು, ರೊಟ್ಟಿ ಬಡಿಯುತ್ತಿದ್ದರು. ತಲೆ ಎತ್ತಲಿಲ್ಲ. "ಭಾಳ ಛಲೋ ಆಯ್ತು ನೋಡ್ರಿ. ಲಗ್ನ ಆದಾಗಿಂದ ನಾ ಅದೇ ಹೇಳ್ಕೋತ ಬಂದೇನಿ, ಒಂದ್ ಕಡಿ ನಿಲ್ರಿ ಅಂತ."

"ಅದಲ್ಲ, ಎಲೆಕ್ಷನ್‌ಗಿ! ಪಾರ್ಲಿಮೆಂಟ್‌ಗಿ!"

"ಯಾವ ಪಾರ್ಟಿದಿಂದರಿ?"

"ಪಾರ್ಟಿಯವ್ರು ಟಿಕೆಟ್ ಕೊಡತನಕ ಯಾರ್ ದಾರಿ ಕಾಯಬೇಕು? ಪಕ್ಷೇತರ!"

ನನಗೆ ಬೇಸಿಗೆ ರಜೆ. ನಾನು ಬೀದರಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವ ಬಾಯೋರು, ಅಂದರೆ ಟೀಚರು. ನನ್ನ ಪಗಾರದ ಮುಂದೆ 'ಕನಿಷ್ಠ' ಎಂಬ ಶಬ್ದವೂ ಗರಿಷ್ಠವಾಗಿ ಕಾಣುತ್ತದೆ! ಅಂಥ ನನ್ನನ್ನು ಕಾಕಾ ಭಾಷಣ ಬರೆಯಲು ಕರೆದರು. "ಏ ಬಾಯೋರೇ, ಬರೀ. ಕೂಲಿ ಅಂಬಾದು ಕೊಡಾವಗ ತಗೊಳ್ಳಾವಗ ಬಿಟ್ಟದ್ದು. ನಡುವ ಸರ್ಕಾರ ಯಾಕ? ನನಗ ಯಾವ ಕಾಯ್ದಾ ಮ್ಯಾಲ ತಂತು? ಸೂಟಿ ಇಲ್ಲದೇ ದುಡ್ದೇನಿ, ಬಂದೇನಿ."

"ಕಾಕಾ, ಕೇಳಾವ್ರು ಕೂಲಿಯವರೇ ಇರ್ತಾರ್ರಿ. ಓಟ್ ಹಾಕಾವ್ರೂ ಅವರೇ."

"ಅದಕ್ಕೇ ಅವ್ರಿಗಿ ಹೇಳಬೇಕು! ಸುಳ್ಳ್ ಹೇಳಿ ಓಟ್ ತಗೊಳ್ಳಾವ ನಾ ಅಲ್ಲ."

ಇದಕ್ಕೆ ಏನು ಹೇಳುತ್ತೀರಿ? ನಾನು ರಸ್ತೆ, ಕುಡಿಯುವ ನೀರು, ರೈಲು ಎಂದು ನಯವಾದ ಭಾಷಣವೊಂದನ್ನು ಬರೆದುಕೊಟ್ಟೆ. ಕಾಕಾ ಅದನ್ನು ಬೆವರು ಒರೆಸಲು ಬಳಸಿದರು.

ಆಮೇಲೆ ಚಿಹ್ನೆಯ ಪ್ರಸಂಗ. ಪಕ್ಷೇತರರಿಗೆ ಉಳಿದ ಚಿಹ್ನೆಗಳಲ್ಲಿ ಒಂದನ್ನು ಹಂಚುತ್ತಾರಲ್ಲ? ಯಾವನೂ ವಿಶ್ರಾಂತಿ ಕೇಳಬಾರದು, ಸೂಟಿ ಎಂಬುದೇ ಒಂದು ರೋಗ ಎಂದು ಊರೂರು ಸಾರುತ್ತಿದ್ದ ನಮ್ಮ ಕಾಕಾಗೆ ಸಿಕ್ಕಿದ್ದು ಏನು? ಹೊರಸು! ಹೌದು, ಮಲಗುವ ಹೊರಸು! ಜೀಪಿನ ಮೇಲೆ ಒಂದು ಕಡೆ "ದುಡಿಮೆಗೆ ರಜೆ ಇಲ್ಲ" ಎಂಬ ಘೋಷಣೆ, ಇನ್ನೊಂದು ಕಡೆ ಹೊರಸಿನ ಚಿತ್ರ. ಚಹಾದಂಗಡಿಯಲ್ಲಿ ಒಬ್ಬ ಮುದುಕ ಎರಡನ್ನೂ ಸಾವಕಾಶ ಓದಿ ಕೇಳಿದ:

"ಸಾವ್ಕಾರ್ರಿ, ದುಡೀಬೇಕೋ ಮಲಗಬೇಕೋ? ಒಂದ್ ನಕ್ಕಿ ಮಾಡ್ರಿ."

ಕಾಕಾ ಅಷ್ಟರಲ್ಲಿ ಜೀಪು ಹತ್ತಿ ಆಗಿತ್ತು. ಅವರ ಪರವಾಗಿ ನಾನೇ ನಕ್ಕೆ.

ಭಾಲ್ಕಿಯಲ್ಲಿ ಮೊದಲ ದೊಡ್ಡ ಸಭೆ. ಜನ ತಾವಾಗಿ ಬರುತ್ತಾರೆಂದು ಕಾಕಾ ನಂಬಿದ್ದರು. ಕಾಕು ನಂಬಿರಲಿಲ್ಲ. ಸದ್ದಿಲ್ಲದೆ ಒಬ್ಬ ಮೇಸ್ತ್ರಿಗೆ ಹೇಳಿ, ಹೊಲದ ಕೆಲಸಕ್ಕೆ ಹೋಗುವ ಹೆಣ್ಣಾಳುಗಳನ್ನು ಟ್ರ್ಯಾಕ್ಟರಿನಲ್ಲಿ ಕರೆಸಿದ್ದರು. ಮೈದಾನ ತುಂಬಿತು. ಕಾಕಾಗೆ ಹುರುಪು ಬಂತು. ವೇದಿಕೆಯ ಈ ತುದಿಯಿಂದ ಆ ತುದಿಗೆ ತಿರುಗುತ್ತ, ಮೈಕಿನ ತಂತಿಯನ್ನು ಕಾಲಿಗೆ ಸುತ್ತಿಕೊಳ್ಳುತ್ತ ಮಾತಾಡಿದರು. "ಇಷ್ಟೇ ಕೊಡಬೇಕು ಅಂತ ಕಾಯ್ದಾ ಇರಲೇಬಾರ್ದು!" ಎಂದು ಗುಡುಗಿ ಚಪ್ಪಾಳೆಗಾಗಿ ತಡೆದರು.

ಮುಂದಿನ ಸಾಲಿನಿಂದ ಒಬ್ಬಾಕೆ ಎದ್ದಳು. "ಸಾವ್ಕಾರ್ರಿ, ಒಂದ್ ಮಾತ್ ಕೇಳ್ಲೇನ್ರಿ?"

"ಕೇಳವ್ವಾ."

"ನಮಗ ಚಪ್ಪಾಳಿ ಹೊಡೀಲಾಕ ಕರ್ಕೊಂಡ್ ಬಂದಾರ್ರಿ. ಇಷ್ಟು ಕೂಲಿ ಅಂತ ಮೊದ್ಲೇ ಮಾತ್ ಆಗ್ಯಾದ. ನೀವು ನೋಡಿದ್ರ ಇಷ್ಟು ಅಂಬಾದೇ ಇರಬಾರ್ದು ಅಂತೀರಿ. ಈ ಮಾತಿಗಿ ಚಪ್ಪಾಳಿ ಹೊಡೀಬೇಕೋ ಬ್ಯಾಡೋ?"

ಕಾಕಾ ಕಾಕುವಿನ ಕಡೆ ನೋಡಿದರು. ಕಾಕು ಆಕಾಶದ ಕಡೆ ನೋಡಿದರು. ಹೊಡೆಯಿರಿ ಎಂದರೆ ತತ್ತ್ವ ಹೋಗುತ್ತದೆ, ಬೇಡವೆಂದರೆ ಸಭೆ ಹೋಗುತ್ತದೆ!

"ನಿಮ್ಮ ಇಚ್ಛಾ!" ಎಂದರು ಕಾಕಾ.

ಅವರ ಇಚ್ಛೆ ಏನೆಂಬುದು ಕೂಡಲೇ ಗೊತ್ತಾಯಿತು. ಅಷ್ಟು ತುಂಬಿದ, ಅಷ್ಟು ಶಾಂತವಾದ ಸಭೆಯನ್ನು ನಾನು ಯಾವ ಮಠದಲ್ಲೂ ಕಂಡಿಲ್ಲ.

ಕಮಲನಗರದಲ್ಲಿ ಆದದ್ದು ಇದಕ್ಕಿಂತ ಚೆಂದ. ಅಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಕಾಕಾ ಸಂತೆಯ ನಡುವೆ ಜೀಪಿನ ಬಾನೆಟ್ ಹತ್ತಿ, "ಕನಿಷ್ಠ ಕೂಲಿ ನಾ ತೆಗಸ್ತೇನಿ!" ಎಂದು ಕೂಗಿದರು. ತೆಗೆಸುವುದು ಎಂದರೆ ಕಿತ್ತುಹಾಕಿಸುವುದು ಎಂದು ಅವರ ಲೆಕ್ಕ. ಆದರೆ ನಮ್ಮ ಕಡೆ ಪಿಂಚಣಿ ತೆಗೆಸುವುದು, ಸಾಲ ತೆಗೆಸುವುದು ಎಂದರೆ ಕಚೇರಿ ಸುತ್ತಿ ಕೈಗೆ ದೊರಕಿಸಿಕೊಡುವುದು! ಜನ ಹೋ ಎಂದರು. ಮೂಟೆ ಹೊರುವವರು ಓಡಿಬಂದರು. ಯಾರೋ ಹಾರ ಹಾಕಿದರು, ಯಾರೋ ಹೆಗಲ ಮೇಲೆ ಎತ್ತಿಕೊಂಡರು. ನಾನು ಜೀಪಿನೊಳಗಿನಿಂದ ಕಾಕಾನ ಧೋತರ ಹಿಡಿದು ಎಳೆದೆ. "ಕಾಕಾ, ಸುಮ್ನಿರ್ರಿ. ಇವತ್ತೊಂದಿನ ಸುಮ್ನಿರ್ರಿ!"

ಸುಮ್ಮನಿದ್ದರೆ ಅವರು ನಮ್ಮ ಕಾಕಾ ಹೇಗಾದಾರು? ಹೆಗಲ ಮೇಲಿನಿಂದಲೇ ಕೂಗಿದರು: "ಏ, ತಪ್ ತಿಳ್ಕೋಬ್ಯಾಡ್ರೋ! ಕೊಡ್ಸಾದಲ್ಲ, ತೆಗ್ದು ಒಗ್ಯಾದು!"

ಎತ್ತಿದವರು ಇಳಿಸಿದರು. ಹಾರ ಹಾಕಿದವನು ಬಂದು, "ಮಾಫ್ ಮಾಡ್ರಿ" ಎಂದು ಕೈ ಮುಗಿದು ಹಾರವನ್ನೂ ತೆಗೆದುಕೊಂಡು ಹೋದ. ಅದನ್ನು ಮುಂದಿನ ಉಮೇದುವಾರನಿಗೆ ಹಾಕಿದನಂತೆ. ಹೂವು ಇನ್ನೂ ತಾಜಾ ಇತ್ತು, ಪಾಪ.

ಇಷ್ಟಾದರೂ ಕಾಕಾ ನಿಲ್ಲಲಿಲ್ಲ. ಬೆಳಿಗ್ಗೆ ಬೀದರ್, ಉಪಾಹಾರ ಭಾಲ್ಕಿ, ಊಟ ಔರಾದ್. ಊಟ ಎಂದರೆ ಕೈಯಲ್ಲಿ ಸುತ್ತಿದ ರೊಟ್ಟಿ, ಅದೂ ತಗ್ಗು ದಿಣ್ಣೆಗೆ ಹಾರಿ ಅರ್ಧ ಅಂಗಿಯ ಮೇಲೆ. ಡ್ರೈವರ್ ಚಹಾಕ್ಕೆ ಇಳಿದರೆ ಹಾರ್ನ್ ಒತ್ತುತ್ತಿದ್ದರು. ಕೊನೆಕೊನೆಗೆ ನನಗೂ ಅದೇ ಚಾಳಿ ಅಂಟಿತು. ಮನೆಯಲ್ಲಿ ಕೂತರೂ ಕಾಲು ತಾನಾಗಿ ಅಲ್ಲಾಡುತ್ತಿತ್ತು. ಕಣ್ಣು ಮುಚ್ಚಿದರೆ ದೂಳು, ತೆರೆದರೆ ಬಿಸಿಲು.

ಪ್ರಚಾರ ಮುಗಿಯುವ ಮುನ್ನಾದಿನ ಔರಾದಿನ ಕಡೆ ಒಂದು ಹಳ್ಳಿಯ ಕೆರೆಯಲ್ಲಿ ಹೂಳು ತೆಗೆಯುವ ಉದ್ಯೋಗ ಖಾತ್ರಿ ಕೆಲಸ ನಡೆದಿತ್ತು. ಹೆಚ್ಚಿನವರು ಹೆಂಗಸರು. ನೆತ್ತಿಯ ಮೇಲೆ ಸೂರ್ಯ. ಕೆರೆಯ ದಂಡೆಗೆ ನಾಲ್ಕು ಕೋಲು ನೆಟ್ಟು ನೆರಳಿಗೆ ತಾಡಪತ್ರಿ ಕಟ್ಟಿದ್ದರು. ಅದರಡಿ ನೀರಿನ ಕೊಡ, ಔಷಧದ ಡಬ್ಬಿ, ಎರಡು ಕೂಸುಗಳು. ಇವನ್ನೆಲ್ಲ ಕೆಲಸದ ಜಾಗದಲ್ಲಿ ಇಡಲೇಬೇಕೆಂದು ನಿಯಮವಿದೆ. ಕಾಕಾಗೆ ಅಷ್ಟು ಸಾಕಾಯಿತು.

"ನೋಡ್ರಿ ಇಲ್ಲಿ! ನೆರಳಂತ! ನೀರಂತ! ಮದ್ದಿನ ಡಬ್ಬಿ ಅಂತ! ಇದೇನ್ ಕೆಲ್ಸದ ಜಾಗಾನೋ ಬೀಗರ ಮನಿನೋ? ದುಡ್ಯಾವಗ ಬಿಸ್ಲು ಏನ್ ಮಾಡ್ತದ? ನಾ ನಿಂತಿಲ್ಲೇನು ಬಿಸ್ಲಾಗ?"

ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕರು. ಕಾಕಾ ಇನ್ನೇನೋ ಹೇಳಲು ಕೈ ಎತ್ತಿದರು. ಕೈ ಎತ್ತಿದಲ್ಲೇ ಉಳಿಯಿತು. ಮಾತು ತೊದಲಿತು. ನಾನು ಹತ್ತಿರ ಹೋಗುವಷ್ಟರಲ್ಲಿ ಕಾಲು ಕುಸಿದು, ಕೆಸರಿನ ಬುಟ್ಟಿಗಳ ನಡುವೆ ಬಿದ್ದುಬಿಟ್ಟರು.

ನಾನು ಚೀರಿದೆ. ಡ್ರೈವರ್ ಗಾಬರಿಯಾಗಿ ಜೀಪಿನ ಸುತ್ತ ಓಡಿದ. ಆ ಹೆಂಗಸರು ಮಾತ್ರ ಚೀರಲಿಲ್ಲ. ಬುಟ್ಟಿ ಬಿಸಾಡಿ ಬಂದರು. ಇಬ್ಬರು ಭುಜ ಹಿಡಿದರು, ಇಬ್ಬರು ಕಾಲು. ತಾಡಪತ್ರಿಯ ಅಡಿಗೆ ತಂದು, ಕೂಸುಗಳ ಪಕ್ಕಕ್ಕೆ ಮಲಗಿಸಿದರು. ಅಂಗಿ ಬಿಚ್ಚಿ ಒದ್ದೆ ಬಟ್ಟೆ ಹಾಕಿದರು. ಕಣ್ಣು ಬಿಟ್ಟಮೇಲೆ ಡಬ್ಬಿಯೊಳಗಿನ ಉಪ್ಪು-ಸಕ್ಕರೆಯ ಪುಡಿಯನ್ನು ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಸಿದರು.

"ಹೋಗ್ಬೇಕು... ಮುಂದಿನ ಊರು..." ಎಂದು ಕಾಕಾ ಏಳಲು ನೋಡಿದರು. ಬಿಳಿಗೂದಲಿನ ಒಬ್ಬಾಕೆ ಅವರ ಎದೆಯ ಮೇಲೆ ಕೆಸರು ಕೈ ಇಟ್ಟು ಒತ್ತಿದಳು.

"ಮಲಗ್ರಿ ಸಾವ್ಕಾರ್ರಿ. ಊರೇನು ಎಲ್ಲಿಗೂ ಓಡಿ ಹೋಗಂಗಿಲ್ಲ."

ಕಾಕಾ ಮಲಗಿದರು. ಬಹಳ ಹೊತ್ತು ತಾಡಪತ್ರಿಯನ್ನೇ ನೋಡಿದರು. ಡ್ರೈವರ್ ಔರಾದಿನ ದವಾಖಾನೆಗೆ ಫೋನ್ ಹಚ್ಚುತ್ತಿದ್ದ. ನಾನು ಸೆರಗಿನಿಂದ ಗಾಳಿ ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಕೇಳಿದರು:

"ನಿಮ್ಮಜ್ಜ ಹ್ಯಾಂಗ್ ಸತ್ತ, ಗೊತ್ತದೇನು ನಿನಗ?"

ನಾನು ಹುಟ್ಟುವ ಮೊದಲೇ ಅಜ್ಜ ತೀರಿಕೊಂಡಿದ್ದ. ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದನೆಂದು ಮಾತ್ರ ಕೇಳಿದ್ದೆ. "ಎದಿ ನೋವು ಅಂತಾರಲ್ರಿ ಕಾಕಾ."

"ಎದಿ ಅಲ್ಲ. ಬಿಸ್ಲು. ಹಿಂಥಾದೇ ಬಿಸ್ಲು. ನಾ ಅವಂಗ ಬುತ್ತಿ ಒಯ್ದಿದ್ದೆ. ಚೀಲ ಹೊತ್ತಾವ ಹಂಗೇ ಬಿದ್ದ. ಚೀಲ ಒಡದು ತೊಗರಿ ಎಲ್ಲಾ ಚೆಲ್ತು. ಮಂದಿ ಓಡಿ ಬಂದ್ರು ನೋಡು..." ಕಾಕಾ ಅಂಗೈಯಿಂದ ನೆಲ ಬಳಿದು ತೋರಿಸಿದರು. "ತೊಗರಿ ಬಳೀಲಾಕ. ತೊಗರಿ ಎಲ್ಲಾ ಬಳ್ದು ಮುಗದ್ಮ್ಯಾಲ ಅಪ್ಪಗ ಎತ್ತಿದ್ರು."

ಬಿಳಿಗೂದಲಿನಾಕೆ ಬಟ್ಟೆ ಮತ್ತೆ ಅದ್ದಿ ಹಿಂಡಿ ಅವರ ಹಣೆಗೆ ಹಾಕಿದಳು.

"ಮತ್ತ ಯಾಕ್ರಿ ಕಾಕಾ, ಇಂಥಾ ಭಾಷಣ?" ಎಂದು ಕೇಳಿದೆ. ಕೇಳಬಾರದಿತ್ತೇನೋ. ಕಾಕಾ ಮುಖ ಆ ಕಡೆ ತಿರುಗಿಸಿದರು.

ಚುನಾವಣೆ ಆಯಿತು. ಠೇವಣಿ ಹೋಯಿತು. ಎಣಿಕೆಯ ದಿನ ಕಾಕಾ ಮಧ್ಯಾಹ್ನಕ್ಕೇ ಮನೆಗೆ ಬಂದು, "ಹೋಯ್ತು" ಅಂದರು. ಕಾಕು, "ಹೋಗ್ಲಿ ಬಿಡ್ರಿ, ನೀವಾದ್ರೂ ಉಳ್ದೀರಿ" ಎಂದು ತಾಟು ಇಟ್ಟರು.

ಕಾಕಾ ಬದಲಾದರೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ! ಇಲ್ಲ. ಕಾಯ್ದೆ ಎಂದರೆ ಈಗಲೂ ಉರಿದುಬೀಳುತ್ತಾರೆ. ಮಿಲ್ಲಿನಲ್ಲಿ ಕೂಲಿ ಹೆಚ್ಚಿಸಿದಿರಾ ಎಂದರೆ ಮಳೆಯ ಮಾತು ತೆಗೆಯುತ್ತಾರೆ. ನಾವಿಬ್ಬರೂ ಈ ವಿಷಯಕ್ಕೆ ಜಗಳವಾಡದ ವಾರವಿಲ್ಲ.

ಆದರೆ ಮೊನ್ನೆ ಬೇಸಿಗೆಯಲ್ಲಿ ಮಿಲ್ಲಿಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಲಾರಿ ಖಾಲಿಯಾಗುತ್ತಿತ್ತು. ಚೀಲ ಹೊತ್ತ ಒಬ್ಬ ವಯಸ್ಸಾದ ಹಮಾಲ ಮುಂದೆ, ಅವನ ಮಗ್ಗುಲಿಗೆ ದೊಡ್ಡ ಕರೀ ಛತ್ರಿ ಹಿಡಿದ ನಮ್ಮ ಕಾಕಾ! ಹಮಾಲ ಎತ್ತರ, ಅವನ ಬೆನ್ನಿನ ಚೀಲ ಇನ್ನೂ ಎತ್ತರ, ಕಾಕಾ ಗಿಡ್ಡ. ತುದಿಗಾಲಿನಲ್ಲಿ ಓಡುತ್ತ, ತೋಳು ನೀಳವಾಗಿ ಚಾಚಿ, ಬಾಯಿ ತುಂಬ ಬೈಯುತ್ತಿದ್ದರು: "ಜಲ್ದಿ ನಡಿಯೋ ಮಾರಾಯಾ, ನನ್ನ ಕೈ ನೋಯ್ಲಾಕತ್ಯಾವ!"

ನನಗೆ ನಗು ಬಂತು. ನಗುವಿನ ಹಿಂದೆಯೇ ಇನ್ನೇನೋ ಬಂತು. ಅದನ್ನು ನುಂಗಿ, ಜಗಳ ತೆಗೆಯುವ ದನಿಯಲ್ಲೇ ಕೇಳಿದೆ:

"ಕಾಕಾ, ಒಂದ್ ಛತ್ರಿ ಎಷ್ಟ್ ಮಂದಿಗಿ ಸಾಲ್ತದರಿ?"

ಕಾಕಾ ತಿರುಗಿ ನೋಡಿದರು. ಲಾರಿಯಿಂದ ಗೋದಾಮಿನವರೆಗೆ ಹಮಾಲರು ಸಾಲಾಗಿ ಬಿಸಿಲಿನಲ್ಲಿ ನಡೆದಿದ್ದರು. ಕಾಕಾನ ಮುಖದ ಮೇಲೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಎಲ್ಲವೂ ಬೆವರೇ ಎಂದು ಹೇಳಲಾರೆ.

"ಅದಕ್ಕೇ ಓಡ್ಲಾಕತ್ತೇನಿ, ಕಾಣಂಗಿಲ್ಲೇನು?" ಎಂದು ಗದರಿಸಿ, ಇನ್ನೊಬ್ಬನ ತಲೆಗೆ ಛತ್ರಿ ಹಿಡಿಯಲು ಲಾರಿಯ ಕಡೆ ಓಡಿದರು.