ಮಾರಾಟವಾಗದ ಮನೆಯ ದಪ್ಪ ಫೈಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿ ಸುಮ್ಮನಾದರು. ಮನೆ ಮಾರಿ ನೋಡು ಅಂತ ಯಾಕೆ ಸೇರಿಸಲಿಲ್ಲವೋ ಗೊತ್ತಿಲ್ಲ. ಬಹುಶಃ ಅವರ ಕಾಲದಲ್ಲಿ ಬ್ರೋಕರ್ ಇರಲಿಲ್ಲ. ಬ್ರೋಕರ್ ಒಮ್ಮೆ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಆ ಮನೆಯಲ್ಲಿ ತಮಾಷೆಗೆ ಬರವೇ ಇರುವುದಿಲ್ಲ.

ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಮೊದಲು ಅರಸೀಕೆರೆಯಲ್ಲಿದ್ದಾಗ ಸಾಲಸೋಲ ಮಾಡಿ ರೈಲು ಹಳಿಯ ಮಗ್ಗುಲಲ್ಲಿ ಒಂದು ಮನೆ ಕಟ್ಟಿಸಿದ್ದೆ. ವರ್ಗವಾದ ಮೇಲೆ ಬೇಲೂರಿನಲ್ಲಿ ಬಾಡಿಗೆಗೆ ಬಂದೆವು. ಬಂದ ವಾರವೇ ನನ್ನ ಹೆಂಡತಿ ಹಿತ್ತಲಲ್ಲಿ ನುಗ್ಗೆ ಗಿಡ ನೆಟ್ಟಳು. ಗಿಡದ ಜೊತೆ ಅವಳೂ ಅಲ್ಲೇ ಬೇರು ಬಿಟ್ಟಳು. ಓನರ್ ಅಜ್ಜಿ ಒಂದು ದಿನ ಬಂದು, ಈ ಮನೆ ಮಾರುತ್ತೇನೆ, ದೀಪಾವಳಿಯವರೆಗೆ ನಿಮಗಾಗಿ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಅಂದರು. ಅರಸೀಕೆರೆ ಮನೆ ಮಾರಿಹೋದರೆ ಇದನ್ನು ಕೊಳ್ಳುವುದುಂಟು, ಇಲ್ಲದಿದ್ದರೆ ಇಲ್ಲ. ಹೆಂಡತಿ ನುಗ್ಗೆ ಗಿಡ ನೋಡಿದಳು, ನನ್ನನ್ನು ನೋಡಿದಳು. ನಾನು ಅರಸೀಕೆರೆ ಬಸ್ಸು ಹತ್ತಿದೆ.

ಹಾಲಿನಂಥ ಕಾಗದ

ಅರಸೀಕೆರೆಯಲ್ಲಿ ಸಿಕ್ಕ ಬ್ರೋಕರ್ ಒಳ್ಳೆಯ ಮಾತುಗಾರ. ಕಂಕುಳಲ್ಲಿ ಒಂದು ರೆಕ್ಸಿನ್ ಬ್ಯಾಗು, ಬಾಯಲ್ಲಿ ಅಡಿಕೆ. ಮನೆಯನ್ನು ಹೊರಗಿನಿಂದಲೇ ನೋಡಿ, ಮೊದಲು ಪೇಪರ್ ರೆಡಿಯಾಗಬೇಕು, ಪೇಪರ್ ರೆಡಿ ಇದ್ದರೆ ಕೊಳ್ಳುವ ಪಾರ್ಟಿ ತಾವಾಗಿಯೇ ಬರುತ್ತಾರೆ ಅಂದ. ಖರ್ಚು ಮಾರುವವರದ್ದು, ಅದೇ ಪದ್ಧತಿಯಂತೆ. ಕೊಟ್ಟೆ. ಮನೆಯ ಮೇಲೆ ಯಾವ ಸಾಲವೂ ಇಲ್ಲ ಅನ್ನುವ ಇಸಿ ಕಾಗದ ತಂದುಕೊಟ್ಟ. ಪಾರ್ಟಿ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಮತ್ತೆ ಇಸಿ ತೆಗೆಸಬೇಕು, ಖರ್ಚು ಕೊಡಿ ಅಂದ. ತೆಗೆಸಿದ್ದೀಯಲ್ಲಪ್ಪ ಅಂದೆ. ನನ್ನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದ.

"ಇಸಿ ಅನ್ನೋದು ಹಾಲಿದ್ದಂಗೆ ಮೇಷ್ಟ್ರೇ. ನೆನ್ನೇದು ಇಟ್ಕಂಡು ಇವತ್ತು ಕಾಫಿ ಕಾಯ್ಸಕ್ಕಾಗ್ತದಾ?"

ಅಲ್ಲಿಂದ ಮುಂದೆ ವರ್ತನೆ ಹಾಲಿನ ಹಾಗೆ ತಿಂಗಳು ತಿಂಗಳು ಹೊಸ ಇಸಿ ಶುರುವಾಯಿತು. ಕುಡಿಯುವವರು ಮಾತ್ರ ಇರಲಿಲ್ಲ.

ಗೆಂಡೆಹಳ್ಳಿ ಚಿಕ್ಕಪ್ಪ

ಆಮೇಲೆ ವಂಶವೃಕ್ಷ ಬೇಕು ಅಂದ. ಸೈಟು ನಾನೇ ಕೊಂಡದ್ದು, ಮನೆ ನಾನೇ ಕಟ್ಟಿಸಿದ್ದು, ಇದರಲ್ಲಿ ವಂಶದ ಪಾತ್ರವೇನು ಅಂತ ಕೇಳಿದೆ. ಇರಲಿ, ತಾತನಿಂದ ಶುರು ಮಾಡಿದರೆ ಫೈಲಿಗೆ ಒಂದು ತೂಕ ಬರುತ್ತದೆ ಅಂದ. ಅದಕ್ಕೂ ಖರ್ಚು ಕೊಟ್ಟೆ.

ನಮ್ಮ ಕಡೆ ವಂಶವೃಕ್ಷ ಬರೆಸುತ್ತಿದ್ದಾರೆ ಅಂದರೆ ಆಸ್ತಿ ಭಾಗವಾಗುತ್ತಿದೆ ಅಂತಲೇ ಅರ್ಥ. ಸುದ್ದಿ ಗೆಂಡೆಹಳ್ಳಿಯ ಚಿಕ್ಕಪ್ಪನ ಕಿವಿಗೆ ಬಿತ್ತು. ಹತ್ತು ವರ್ಷ ನಮ್ಮ ಮುಖ ನೋಡದಿದ್ದವರು ಬೆಳಗಿನ ಮೊದಲ ಬಸ್ಸಿಗೇ ಬಂದಿಳಿದರು. ಅದು ನನ್ನ ಸ್ವಂತ ಸಂಪಾದನೆ, ಅದರಲ್ಲಿ ಭಾಗವಿಲ್ಲ ಅಂತ ಎಷ್ಟು ಬಿಡಿಸಿ ಹೇಳಿದರೂ ನಗುತ್ತಾ ಕೇಳಿಸಿಕೊಂಡರು. ಮೂರು ಹೊತ್ತು ಅಕ್ಕಿರೊಟ್ಟಿ ತಿಂದುಕೊಂಡು ವಾರವಿಡೀ ಇದ್ದರು. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು.

"ನಂಗೇನೂ ಆಸೆ ಇಲ್ಲ ಕಣೋ. ಅರಸೀಕೆರೆಗೆ ಹೋಗಿ ರೂಮು ನೋಡ್ಕಂಡ್ ಬಂದೆ, ರೋಡ್ ಕಡೇದು ನಂಗಿರಲಿ."

ಜಾವಗಲ್ ಪಾರ್ಟಿ

ಕೊನೆಗೂ ಒಬ್ಬರು ಬಂದರು. ಜಾವಗಲ್ ಕಡೆಯ ಕೊಬ್ಬರಿ ವ್ಯಾಪಾರದವರು, ಗಂಭೀರ ಮನುಷ್ಯರು. ರೈಲಿನ ವಿಷಯ ಎತ್ತಬೇಡಿ ಅಂತ ಬ್ರೋಕರ್ ನನಗೆ ಮೊದಲೇ ತಾಕೀತು ಮಾಡಿದ್ದ. ಅಡುಗೆಮನೆ ನೋಡುತ್ತಿದ್ದಾಗಲೇ ಗೂಡ್ಸ್ ಗಾಡಿ ಬಂತು. ಕಿಟಕಿ ಗಡಗಡ ಅಂದಿತು. ಬ್ರೋಕರ್ ಕೂಡಲೇ ಗಂಟಲು ಹರಿಯುವ ಹಾಗೆ ಕೆಮ್ಮತೊಡಗಿದ. ಗೂಡ್ಸ್ ಗಾಡಿ ಅಂದರೆ ಬೇಗ ಮುಗಿಯುವಂಥದ್ದಲ್ಲ. ಕೊನೆಯ ಡಬ್ಬಿ ದಾಟುವ ಹೊತ್ತಿಗೆ ಅವನ ಕಣ್ಣಲ್ಲಿ ನೀರು ಬಂದಿತ್ತು. ಪಾರ್ಟಿಯವರು ರೈಲನ್ನು ಬಿಟ್ಟು ಅವನ ಆರೋಗ್ಯ ವಿಚಾರಿಸಿದರು.

ಆಮೇಲೆ ಫೈಲು ಕೊಟ್ಟೆವು. ಅವರು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಒಂದೊಂದೇ ಕಾಗದ ತಿರುಗಿಸಿದರು. ತಿರುಗಿಸಿದಷ್ಟೂ ಮುಖ ಸಣ್ಣದಾಯಿತು.

"ಇಷ್ಟು ಸಣ್ಣ ಮನೆಗೆ ಇಷ್ಟೊಂದು ಪೇಪರ್ ಮಾಡ್ಸವ್ರೆ ಅಂದ್ರೆ, ಏನೋ ತಕರಾರು ಐತೆ," ಅಂದರು.

ಹೋಗುತ್ತಾ ಪಕ್ಕದ ಮನೆಯನ್ನೂ ಕೇಳಿದರಂತೆ. ಆ ಮನೆಯವರ ಹತ್ತಿರ ಕ್ರಯಪತ್ರ ಮತ್ತು ಒಂದೇ ಒಂದು ಕಂದಾಯದ ರಸೀದಿ ಇತ್ತು. ಇದು ಶುದ್ಧ ವ್ಯವಹಾರ ಅಂತ ಹದಿನೈದು ದಿನದಲ್ಲಿ ಅದನ್ನೇ ಕೊಂಡರು. ಬ್ರೋಕರ್ ನಮಗೆ ಪೇಡ ತಂದುಕೊಟ್ಟ. ನಿಮ್ಮ ಮನೆ ತೋರಿಸಲು ಕರೆತಂದದ್ದರಿಂದಲೇ ತನಗೆ ಆ ಕಮಿಷನ್ ಸಿಕ್ಕಿತು, ಉಪಕಾರ ಮರೆಯುವವನಲ್ಲ ಅಂದ.

ಕೊನೆಯ ಪಾರ್ಟಿ

ದೀಪಾವಳಿಗೆ ತಿಂಗಳಷ್ಟೇ ಉಳಿಯಿತು. ಓನರ್ ಅಜ್ಜಿ ಬೇರೆಯವರಿಗೆ ಮನೆ ತೋರಿಸತೊಡಗಿದರು. ಬಂದವರಲ್ಲಿ ಒಬ್ಬರು ನುಗ್ಗೆ ಮರ ಕಡಿಸಬೇಕು ಅಂದದ್ದು ಕೇಳಿ ನನ್ನ ಹೆಂಡತಿ ಆ ಮಧ್ಯಾಹ್ನ ಊಟ ಮಾಡಲಿಲ್ಲ.

ಅಷ್ಟರಲ್ಲಿ ಬ್ರೋಕರ್ ತಾನೇ ಬೇಲೂರಿಗೆ ಬಂದ. ಇಸ್ತ್ರಿ ಮಾಡಿದ ಬಟ್ಟೆ, ಬಾಯಲ್ಲಿ ಅಡಿಕೆ ಇಲ್ಲ. ಮಗಳ ಮದುವೆ ಗೊತ್ತಾಗಿದೆಯಂತೆ. ಅಳಿಯ ಅರಸೀಕೆರೆ ಸ್ಟೇಷನ್ನಿನಲ್ಲಿ ಕೆಲಸದವನು, ರೈಲಿನ ಸದ್ದಿಲ್ಲದಿದ್ದರೆ ನಿದ್ದೆ ಬರುವುದಿಲ್ಲವಂತೆ. ನಿಮ್ಮ ಮನೆ ನಾನೇ ತಗೊಳ್ಳುತ್ತೇನೆ ಅಂದ. ಹೆಂಡತಿ ಎದ್ದು ಕಾಫಿಗಿಟ್ಟಳು. ನಾನು ಸಂತೋಷದಿಂದ ಫೈಲು ತಂದು ಅವನ ಮುಂದಿಟ್ಟೆ.

ಅವನು ಅದನ್ನು ಬಿಚ್ಚಿ, ಪುಟ ತಿರುವಿ, ಹುಬ್ಬು ಗಂಟಿಕ್ಕಿದ. ಕೊನೆಗೆ ನಿಧಾನವಾಗಿ ಪಕ್ಕಕ್ಕೆ ಸರಿಸಿದ.

"ಇವನ್ನೆಲ್ಲ ನಂಬ್ಕಂಡು ಹೆಂಗೆ ತಗಳದು ಮೇಷ್ಟ್ರೇ? ಮಗಳ ವಿಷ್ಯ. ಬೇರೆ ಯಾರ ಕೈಲಾದ್ರೂ ಹೊಸದಾಗಿ ಮಾಡ್ಸಿಬಿಡಿ. ಖರ್ಚು ಮಾರೋರದ್ದೇ ಅಲ್ವಾ."

ಕಾಫಿ ಲೋಟ ಹಿಡಿದು ಬಂದ ಹೆಂಡತಿ ಲೋಟವನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ನಿಂತಳು. ದನಿ ತಣ್ಣಗಿತ್ತು.

"ಆಗಲಿ, ಹೊಸದಾಗೇ ಮಾಡ್ಸೋಣ. ಆದ್ರೆ ಪೇಪರ್ ಸರಿಯಿಲ್ಲ ಅಂದ್ಮೇಲೆ ಮಾಡ್ಸಿದೋರು ದುಡ್ಡು ವಾಪಸ್ ಕೊಡ್ಬೇಕಲ್ಲ. ಆ ಬ್ರೋಕರ್ ನಿಮಗೆ ಚೆನ್ನಾಗಿ ಗೊತ್ತಲ್ವಾ, ನೀವೇ ಹೋಗಿ ಇಸ್ಕೊಂಡ್ ಬನ್ನಿ."

ಅವನು ಕಾಫಿಯನ್ನೂ ಅವಳನ್ನೂ ನೋಡಿದ. ಆ ಬ್ರೋಕರನ್ನು ಎಷ್ಟೋ ವರ್ಷಗಳಿಂದ ಬಲ್ಲವನ ಹಾಗೆ ದೀರ್ಘವಾಗಿ ಯೋಚಿಸಿ, ತಲೆಯಾಡಿಸಿದ.

"ಬಿಡಿ ಅಕ್ಕ, ಅವನು ಕೊಡೋ ಪೈಕಿ ಅಲ್ಲ. ಈ ಸಲದ ಖರ್ಚು ನಾನೇ ಹಾಕ್ಕೋತೀನಿ."